ಹಸಿರು ಪಟಾಕಿಯೋ, ಆಕಾಶಬುಟ್ಟಿಯೋ?

ಮುಂಬಯಿ ಬಳಿಯ ಡೊಂಬಿವಿಲಿಯ ನಮ್ಮ ಕಟ್ಟಡದಲ್ಲಿ ದೀಪಾವಳಿಗೆ ವಾರವಿರುವಾಗಲೇ ಈ ಚರ್ಚೆ ಶುರುವಾಗುತ್ತದೆ. ಸಾದಾ ಪಟಾಕಿಯ ಮಾತು ಬೇಡವೇ ಬೇಡ: ಅದರಲ್ಲಿ ಬೇರಿಯಂ ಎಂಬ ರಾಸಾಯನಿಕ ಬಳಸುವುದನ್ನೂ ಸರಪಟಾಕಿಯನ್ನೂ ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ ರೂಪಿಸಿದ ಹಸಿರು ಪಟಾಕಿಯಿಂದ ಹೊಮ್ಮುವ ಕಣಗಳು ಸುಮಾರು ಶೇ 30ರಷ್ಟು ಕಡಿಮೆ. ಅಂದರೆ ಉಳಿದ ಶೇ 70 ನಮ್ಮ ಮೂಗಿಗೇ! ಹೆಸರಿಗೆ ನಾನಂತೂ ಮರುಳಾಗುವುದಿಲ್ಲ. ಮಕ್ಕಳು ಹಟ ಹಿಡಿದರೆ ಪೆಟ್ಟಿಗೆಯ ಮೇಲಿನ ಹಸಿರು ಲಾಂಛನ, ಕ್ಯೂಆರ್ ಕೋಡ್ ನೋಡಿ ಕೊಳ್ಳಿ. ರಾತ್ರಿ 8ರಿಂದ 10ರೊಳಗೆ ಮುಗಿಸಿ. ಸುರುಸುರು ಬತ್ತಿಗೆ ಸದ್ದಿಲ್ಲ, ಹೊಗೆ ಮಾತ್ರ ಧಾರಾಳ, ಅದೂ ಮಗುವಿನ ಮುಖದ ಮಟ್ಟಕ್ಕೆ. ಮಾಹಿಮಿನ ಕಂದೀಲು ಗಲ್ಲಿಯಿಂದ ತಂದ ಆಕಾಶಬುಟ್ಟಿಗೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಜೋಪಾನ ಮಾಡಿದರೆ ಮುಂದಿನ ವರ್ಷಕ್ಕೂ ಬರುತ್ತದೆ. ಕಾಗದದ್ದಾದರೆ ಅಟ್ಟದ ಇಲಿಯೊಂದೇ ವೈರಿ.