ಜಿಪ್ಸಿಗೆ 2 ಇಂಚಿನ ಲಿಫ್ಟ್ ಕಿಟ್, 4 ವರ್ಷ, 38,000 ಕಿಲೋಮೀಟರ್: ಪ್ಲೇಟು ಒಳ್ಳೆದುಂಟು, ಶಾಫ್ಟಿನ ವಿಷಯ ಮಾತ್ರ ಯಾರೂ ಹೇಳ್ಲಿಲ್ಲ

ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಡಾಮರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಗುಡ್ಡೆ ದಾರಿ, ಅದ್ರಲ್ಲಿ ಎರಡು ಕಡೆ ಮುರಕಲ್ಲು ಮೆಟ್ಟಿಲಿನ ಹಾಗೆ ಎದ್ದು ನಿಂತಿದೆ. ಗಾಡಿ 2014ರ ಜಿಪ್ಸಿ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅಡಿಕೆ, ಗೊಬ್ಬರ, ಮೈಲುತುತ್ತು, ಅಮ್ಮನನ್ನು ಡಾಕ್ಟರಲ್ಲಿಗೆ ಕರ್ಕೊಂಡು ಹೋಗುದು, ಎಲ್ಲ ಅದ್ರಲ್ಲೇ. ಮಳೆಗಾಲ ಕಳೆದಾಗ ಆ ಮೆಟ್ಟಿಲು ಇನ್ನಷ್ಟು ಎತ್ತರ ಆಗಿ ಹೊಟ್ಟೆ ಉಜ್ಜಲಿಕ್ಕೆ ಶುರು ಆಯ್ತು, ಟ್ರಾನ್ಸ್‌ಫರ್ ಕೇಸಿನ (ಎದುರು ಹಿಂದೆ ಚಕ್ರಕ್ಕೆ ಎಳೆತ ಹಂಚುವ ಗೇರ್ ಪೆಟ್ಟಿಗೆ) ಕೆಳಗೆ ಎರಡು ಸಲ ಏಟು ಬಿತ್ತು, ಹಾಗೆ 2021ರ ನವೆಂಬರಲ್ಲಿ ಗಾಡಿ ಎತ್ತರ ಮಾಡುವ ಲಿಫ್ಟ್ ಹಾಕಿಸಿದೆ.

ಒಂದು ವಿಷಯ ಮೊದಲೇ ಹೇಳ್ತೇನೆ. ಜಿಪ್ಸಿಯ ಹಾಗೆ ಎದುರು ಹಿಂದೆ ಎರಡೂ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಲಿಫ್ಟ್ ಹಾಕಿದ್ರೆ ಡಿಫ್‌ನ (ಡಿಫರೆನ್ಷಿಯಲ್, ಆಕ್ಸಲಿನ ನಡುವಿನ ಗೇರು) ಗುಂಡು ಒಂದು ಎಂಎಂ ಕೂಡ ಮೇಲೆ ಹೋಗುದಿಲ್ಲ. ಅದಕ್ಕೆ ಟಯರೇ ದೊಡ್ಡದು ಆಗ್ಬೇಕು. ಲಿಫ್ಟಿಂದ ಮೇಲೆ ಹೋಗುದು ಚಾಸಿ ಮತ್ತೆ ಅದಕ್ಕೆ ನೇತಾಡುವ ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು. ಅಂದ್ರೆ ಟ್ರಾನ್ಸ್‌ಫರ್ ಕೇಸಿಂದ ಡಿಫಿಗೆ ತಿರುಗಣೆ ಕೊಂಡೋಗುವ ಶಾಫ್ಟಿನ ಒಂದು ತುದಿ ಮೇಲೆ ಹೋಯ್ತು, ಇನ್ನೊಂದು ತುದಿ ಇದ್ದಲ್ಲೇ ಉಳೀತು. ಇಷ್ಟು ಸಣ್ಣ ಮಾತು ನನಗೆ ಆವತ್ತು ಹೊಳೀಲಿಲ್ಲ, ಅಂಗಡಿಯವರು ಹೇಳಲೂ ಇಲ್ಲ.

ಕಿಟ್ಟಿನಲ್ಲಿ ನಾಲ್ಕು ಚಕ್ರಕ್ಕೂ ಹೊಸ ಪ್ಲೇಟ್ (ಲೀಫ್ ಸ್ಪ್ರಿಂಗ್) ಸೆಟ್, ನಾಲ್ಕು ಗ್ಯಾಸ್ ಶಾಕ್ ಅಬ್ಸಾರ್ಬರ್, ಉದ್ದದ ಯು ಬೋಲ್ಟು, ಪ್ಲೇಟಿನ ತುದಿ ಹಿಡಿಯುವ ಶ್ಯಾಕಲ್, ಬುಶ್ಶು ಇತ್ತು. ನಾನು ಕೊಟ್ಟದ್ದು 52,000, ಫಿಟ್ಟಿಂಗಿಗೆ ಬೇರೆ 7,000. "ಬೋಲ್ಟ್ ಬಿಚ್ಚುದು ಬೋಲ್ಟ್ ಹಾಕುದು ಅಣ್ಣಾ, ಬೇರೆ ಎಂತ ಮುಟ್ಲಿಕ್ಕಿಲ್ಲ" ಅಂದ್ರು. ಹಿಂದಿನ ಪ್ಲೇಟಿಗೂ ಆಕ್ಸಲಿಗೂ ನಡುವೆ ಒಂದು ಓರೆ ತುಂಡು, ಕಬ್ಬಿಣದ ಬೆಣೆ, ಇಟ್ಟಿದ್ರು. ಅದು ಎಂತಕ್ಕೆ ಅಂತ ಕೇಳಿದ್ದಕ್ಕೆ ಶಾಫ್ಟಿನ ಓರೆ ಕಮ್ಮಿ ಆಗ್ಲಿಕ್ಕೆ ಅಂದ್ರು. ಅದೇ ಬೆಣೆ ನನ್ನ ಒಂಬತ್ತು ತಿಂಗಳು ತಿಂದು ಹಾಕಿತು.

ಮೊದಲ ದಿನ ಮನೆಗೆ ಬರುವಾಗ ಆದ ಖುಷಿ ಈಗಲೂ ನೆನಪುಂಟು, ಮೆಟ್ಟಿಲಲ್ಲಿ ಎಂತದೂ ತಾಗ್ಲಿಲ್ಲ, ಹಳೆ ಪ್ಲೇಟಿನ ಕುಲುಕಾಟ ಅರ್ಧಕ್ಕೆ ಇಳಿದಿತ್ತು. ಆದ್ರೆ ವಾರದೊಳಗೆ ಹೈವೇಯಲ್ಲಿ ಕುಂಬಳೆ ಕಡೆ ಹೋಗುವಾಗ 55ರಿಂದ 65ರ ಒಳಗೆ ಒಂದು ನಡುಕ. ಸ್ಟೇರಿಂಗಲ್ಲಿ ಅಲ್ಲ, ಸೀಟಿನಡಿಯಿಂದ, ಅಕ್ಕಿ ಮಿಲ್ಲಿನ ಹೊರಗೆ ನಿಂತಾಗ ಕಾಲಿಗೆ ತಾಗ್ತದಲ್ಲ, ಹಾಗೆ. ಅಂಗಡಿಯವರು ವೀಲ್ ಬ್ಯಾಲೆನ್ಸ್ ಮಾಡ್ಸಿ ಅಂದ್ರು, ಮಾಡ್ಸಿದೆ. ಇನ್ನೊಮ್ಮೆ ಮಾಡ್ಸಿ ಅಂದ್ರು, ಮಾಡ್ಸಿದೆ. ಮತ್ತೆ ಟಯರು ಅಂದ್ರು, ಮತ್ತೆ ಇಂಜಿನ್ ಮೌಂಟು ಅಂದ್ರು, ಅದೂ ಹೊಸತು ಹಾಕ್ಸಿದೆ. ಒಟ್ಟು 14,000 ಹೋಯ್ತು, ನಡುಕ ಇದ್ದ ಹಾಗೇ. ಯಾರಿಗಾದ್ರೂ ಇದೇ ತೊಂದ್ರೆ ಇದ್ರೆ ದುಡ್ಡು ಬಿಚ್ಚುವ ಮೊದ್ಲು ಇದೊಂದು ಮಾಡಿ ನೋಡಿ: ಖಾಲಿ ರಸ್ತೆಯಲ್ಲಿ ನಡುಕ ಬರುವ ಸ್ಪೀಡಿಗೆ ಹೋಗಿ ನ್ಯೂಟ್ರಲ್ ಮಾಡಿ, ಇಂಜಿನ್ ಐಡಲಿಗೆ ಬಂದ್ರೂ ನಡುಕ ನಿಲ್ಲದಿದ್ರೆ ಇಂಜಿನ್ ಮೌಂಟಿಗೆ ಕೈ ಹಾಕುದು ಬೇಡ.

ಕೆಳಗೆ ಬಗ್ಗಿ ನೋಡುವ ಅಭ್ಯಾಸ ನನಗುಂಟು. ಶಾಫ್ಟಿನ ಎರಡು ತುದಿಯಲ್ಲಿ ಓರೆಯಲ್ಲೂ ತಿರುಗ್ಲಿಕ್ಕೆ ಬಿಡುವ ಕೀಲುಂಟಲ್ಲ, ಕ್ರಾಸು, ಆ ಕ್ರಾಸ್ ಬೇರಿಂಗಿನ ಗ್ರೀಸ್ ಒಣಗಿದ್ರೆ ಕಪ್ಪಿನ (ಬೇರಿಂಗ್ ಕೂರುವ ಬಟ್ಟಲು) ಸುತ್ತ ಕೆಂಪು ತುಕ್ಕಿನ ಪುಡಿ ಕಾಣ್ತದೆ, ಅದೇ ಮೊದಲ ಗುರ್ತು. ಆದ್ರೆ ನಮ್ಮ ಊರಿನ ಮಣ್ಣಿನ ಬಣ್ಣ ಗೊತ್ತಲ್ಲ, ಗಾಡಿಯ ಅಡಿ ಇಡೀ ಕೆಂಪು, ಅದ್ರಲ್ಲಿ ತುಕ್ಕು ಯಾವುದು ಧೂಳು ಯಾವುದು ಹೇಗೆ ಗೊತ್ತಾಗುದು? ಈಗ ನಾನು ನೀರು ಹಾಕಿ ತೊಳೆದು ಎರಡು ದಿನ ಬಿಟ್ಟು ನೋಡ್ತೇನೆ. ತೊಳೆದ ಮೇಲೂ ಕಪ್ಪಿನ ಬುಡದಲ್ಲಿ ಮಾತ್ರ ಕೆಂಪು ಬಂದ್ರೆ ಅದು ತುಕ್ಕು. ಫಸ್ಟಿಂದ ರಿವರ್ಸಿಗೆ ಹಾಕುವಾಗ ಕೆಳಗಿಂದ 'ಟಕ್' ಅಂತ ಒಂದು ಸದ್ದು ಬರ್ತಿತ್ತು, ಅದನ್ನೂ ನಾನು ಪ್ಲೇಟಿನ ಸದ್ದು ಅಂತ ಬಿಟ್ಟುಬಿಟ್ಟೆ.

2022ರ ಆಗಸ್ಟಲ್ಲಿ ಸ್ವರ್ಗ, ಪಾಣಾಜೆ ದಾರಿಯಾಗಿ ಪುತ್ತೂರಿಗೆ ಅಡಿಕೆ ತಗೊಂಡು ಹೋಗುವಾಗ ಒಂದು ಏರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟದ್ದೇ ತಡ, ದಡಾರ್ ಅಂತ ಸದ್ದು, ಗಾಡಿ ನಿಂತಿತು. ಹಿಂದಿನ ಶಾಫ್ಟಿನ ಎದುರು ಕ್ರಾಸು ಕತ್ತರಿಸಿ ಶಾಫ್ಟು ನೆಲಕ್ಕೆ ತಾಗಿ ಕೂತಿದೆ, ಕಪ್ಪಿನೊಳಗಿನ ಸೂಜಿ ಬೇರಿಂಗು ಕಾಫಿ ಪುಡಿಯ ಹಾಗೆ ಆಗಿತ್ತು. ನಡೆಯುವಷ್ಟು ಸ್ಪೀಡಲ್ಲಿ ಇದ್ದದ್ದಕ್ಕೆ ಬಚಾವ್. 60ರಲ್ಲಿ ಎದುರು ತುದಿ ಬಿದ್ದು ಡಾಮರಿಗೆ ಕುತ್ತಿದ್ರೆ ಗಾಡಿಯ ಹಿಂಭಾಗವನ್ನೇ ಎತ್ತಿ ಎಸೀತದೆ. ಆವತ್ತು ಅಮ್ಮ ಒಟ್ಟಿಗೆ ಇದ್ರು. ಅದನ್ನು ನೆನೆಸಿದ್ರೆ ನನಗೆ ಈಗಲೂ ಕೈ ತಣ್ಣಗಾಗ್ತದೆ.

ಚಕ್ರಕ್ಕೆ ಕಲ್ಲು ಕೊಟ್ಟು (ಇದು ಮರೀಬೇಡಿ, ಶಾಫ್ಟ್ ಬಿಚ್ಚಿದ್ರೆ ಗೇರಲ್ಲಿ ನಿಲ್ಲಿಸಿದ್ದು ಹಿಂದಿನ ಚಕ್ರವನ್ನು ಹಿಡಿಯುದಿಲ್ಲ) ಶಾಫ್ಟನ್ನು ಪೂರ್ತಿ ಬಿಚ್ಚಿ ಹಿಂದೆ ಹಾಕಿ, 4ಎಚ್‌ಗೆ (ಫೋರ್ ವೀಲ್ ಹೈ) ಹಾಕಿದೆ. ಆಗ ಎದುರಿನ ಚಕ್ರ ಮಾತ್ರ ಎಳೀತದೆ. ಹಾಗೇ ಮೆಲ್ಲ ಪುತ್ತೂರಿಗೆ ಮುಟ್ಟಿದೆ.

ಅಲ್ಲಿ ಲೇತ್ ಇಟ್ಕೊಂಡ ಒಬ್ರು ಹಿರಿಯ ಮೇಸ್ತ್ರಿ. ಕ್ರಾಸ್ ನೋಡಲೇ ಇಲ್ಲ ಅವ್ರು, ಮೊದ್ಲು ಗಾಡಿಯಡಿಗೆ ನುಗ್ಗಿ ನನ್ನ ಮೊಬೈಲ್ ಕೇಳಿದ್ರು. ಡಿಗ್ರಿ ತೋರಿಸುವ ಆ್ಯಪ್ ಹಾಕ್ಸಿ, ಟ್ರಾನ್ಸ್‌ಫರ್ ಕೇಸಿನ ಫ್ಲೇಂಜಿಗೆ (ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಒತ್ತಿ ಹಿಡಿದ್ರು, 2 ಡಿಗ್ರಿ. ಹಳೆ ಶಾಫ್ಟನ್ನು ಅದರ ಜಾಗಕ್ಕೆ ಕಟ್ಟಿ ಅದರ ಓರೆ ನೋಡಿದ್ರು, 13. ಡಿಫ್‌ನ ಪಿನಿಯನ್ (ಶಾಫ್ಟಿಂದ ತಿರುಗಣೆ ತಗೊಳ್ಳುವ ಗೇರು) ಫ್ಲೇಂಜು, 6. 13ರಲ್ಲಿ 2 ಕಳೆದ್ರೆ 11, 6 ಕಳೆದ್ರೆ 7. "ಎಂತ ಮಾರಾಯ್ರೆ, ಆಚೆ 11 ಈಚೆ 7, ಇದು ನಡುಗದೆ ಎಂತ ಮಾಡ್ತದೆ?" ಅಂದ್ರು.

ಅವ್ರು ಹೇಳಿಕೊಟ್ಟದ್ದು ಹೀಗೆ. ಒಂದು ಕ್ರಾಸು ಓರೆಯಲ್ಲಿ ತಿರುಗುವಾಗ ಆಚೆ ಬದಿ ಒಂದೇ ವೇಗದಲ್ಲಿ ತಿರುಗುದಿಲ್ಲ, ಒಂದು ಸುತ್ತಿಗೆ ಎರಡು ಸಲ ಬೇಗ, ಎರಡು ಸಲ ನಿಧಾನ ಆಗ್ತದೆ. 11 ಡಿಗ್ರಿಗೆ ಅದು ಹತ್ತತ್ರ 2 ಪರ್ಸೆಂಟ್ ಆಚೀಚೆ. ಇನ್ನೊಂದು ತುದಿಯ ಕ್ರಾಸು ಅಷ್ಟೇ ಓರೆಯಲ್ಲಿದ್ರೆ ಇದು ಮಾಡಿದ ತಪ್ಪನ್ನು ಅದು ಸರಿ ಮಾಡ್ತದೆ, ಡಿಫಿಗೆ ಸಮ ತಿರುಗಣೆ ಸಿಕ್ತದೆ. ಓರೆ ಬೇರೆ ಬೇರೆ ಇದ್ರೆ ಉಳಿದ ತಪ್ಪು ನಡುಕವಾಗಿ ಬರ್ತದೆ. ಚಕ್ರ ಒಂದು ಸುತ್ತು ಬರುವಾಗ ಶಾಫ್ಟು ಸುಮಾರು ನಾಲ್ಕು ಸುತ್ತು, ಅಂದ್ರೆ 60ರ ಸ್ಪೀಡಲ್ಲಿ ಸೆಕೆಂಡಿಗೆ 30 ಸುತ್ತಿನ ಆಸುಪಾಸು, ಏಟು 60. ಒಂಬತ್ತು ತಿಂಗಳು ಆ ಕ್ರಾಸು ತಿಂದದ್ದು ಅದನ್ನು. ಬೆಣೆ ಇಟ್ಟು ಪಿನಿಯನಿನ ಮೂಗು ಮೇಲೆ ಮಾಡಿದ್ರಿಂದ ಹಿಂದಿನ ಓರೆ ಕಮ್ಮಿ ಆದದ್ದು ಸತ್ಯ, ಎದುರಿನದ್ದು ಹಾಗೇ ಉಳೀತು. ಪಿನಿಯನನ್ನು ಶಾಫ್ಟಿನ ಕಡೆಗೆ ತಿರುಗಿಸುದು ಮೇಲಿನ ತುದಿಯಲ್ಲಿ ಜೋಡಿ ಕ್ರಾಸಿನ ಶಾಫ್ಟ್ ಇದ್ರೆ ಮಾತ್ರ ಸರಿ, ಮಾಮೂಲಿ ಶಾಫ್ಟಿಗೆ ಅಲ್ಲ.

ಕೆಲಸ ಎರಡು ದಿನ ಆಯ್ತು. ಬೆಣೆ ತೆಗೆದ್ರು, ಎರಡೂ ಕಡೆ 11 ಆಯ್ತು. ಸಮ ಆದ್ರೂ 11 ಜಾಸ್ತಿ ಅಂತ ಟ್ರಾನ್ಸ್‌ಫರ್ ಕೇಸಿನ ಮೌಂಟಿಗೆ 20 ಎಂಎಂ ತುಂಡು ಕೊಟ್ಟು ಇಳಿಸಿದ್ರು, ಒಂಬತ್ತೂವರೆ ಹತ್ತಿರ ಬಂತು. ಇನ್ನೂ ಇಳಿಸಿ ಅಂತ ನಾನು ಹೇಳಿದೆ, ಅವ್ರು ಒಪ್ಲಿಲ್ಲ. ಜಿಪ್ಸಿಯಲ್ಲಿ ಗೇರ್ ಬಾಕ್ಸೂ ಟ್ರಾನ್ಸ್‌ಫರ್ ಕೇಸೂ ಬೇರೆ ಬೇರೆ, ನಡುವೆ ಒಂದು ಗಿಡ್ಡ ಶಾಫ್ಟುಂಟು, ಕೇಸ್ ಇಳಿಸಿದಷ್ಟು ಆ ಗಿಡ್ಡ ಶಾಫ್ಟಿನ ಓರೆ ಜಾಸ್ತಿ ಆಗ್ತದೆ, ಇಲ್ಲಿಯ ರೋಗ ಅಲ್ಲಿಗೆ ಹೋಗ್ತದೆ ಅಷ್ಟೆ ಅಂದ್ರು. ಲಿಫ್ಟಿಂದ ಶಾಫ್ಟಿನ ಸ್ಪ್ಲೈನು (ಒಂದರೊಳಗೊಂದು ಜಾರುವ ಹಲ್ಲಿನ ಭಾಗ) ಸುಮಾರು 10 ಎಂಎಂ ಹೊರಗೆ ಬಂದಿತ್ತು, ಅದಕ್ಕೆ ಫ್ಲೇಂಜಿನ ನಡುವೆ ಒಂದು ಸ್ಪೇಸರ್ ಕಡೆದು ಹಾಕಿದ್ರು. ಬಿಚ್ಚುವ ಮೊದ್ಲು ಶಾಫ್ಟಿನ ಎರಡೂ ತುಂಡಿಗೆ ಪಂಚ್ ಹೊಡೆದು ಗುರ್ತು ಮಾಡಿಕೊಂಡದ್ದು ನಂಗೆ ತುಂಬ ಹಿಡಿಸಿತು, ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತ್ರೂ ಎರಡು ಕ್ರಾಸಿನ ಹೊಂದಾಣಿಕೆ ಹೋಗಿ ನಡುಕ ವಾಪಸ್ ಬರ್ತದೆ. ಹೊಸ ಕ್ರಾಸು ಎರಡು, ಸ್ಪೇಸರು, ಕೂಲಿ ಎಲ್ಲ ಸೇರಿ 9,500. ವಾಪಸ್ ಬರುವಾಗ 60, 70, 80, ಎಲ್ಲಿಯೂ ನಡುಕ ಇಲ್ಲ.

ಎದುರಿನ ಶಾಫ್ಟಿಗೂ ಇದೇ ತೊಂದ್ರೆ ಇರ್ತದೆ, ಆದ್ರೆ ಅದು ಕೆಲಸ ಮಾಡುದು ಫೋರ್ ವೀಲ್ ಹಾಕಿದಾಗ, ಗುಡ್ಡೆಯಲ್ಲಿ ಮೆಲ್ಲ ಹೋಗುವಾಗ, ಹಾಗಾಗಿ ಗೊತ್ತಾಗುದಿಲ್ಲ. ಅಲ್ಲಿ ಬೇರೆ ಸಂಕಟ ಉಂಟು. ಸ್ಟೇರಿಂಗ್ ನೇರಕ್ಕೆ ವಾಪಸ್ ಬರ್ಲಿಕ್ಕೆ ಆಕ್ಸಲನ್ನು ಒಂದು ಕಡೆ ತಿರುಗಿಸ್ಬೇಕು, ಶಾಫ್ಟಿನ ಓರೆಗೆ ಅದರ ಉಲ್ಟಾ ತಿರುಗಿಸ್ಬೇಕು, ಎರಡೂ ಒಂದೇ ಕಬ್ಬಿಣದ ಮೇಲೆ. ನಾನು ಸ್ಟೇರಿಂಗಿನ ಕಡೆ ನಿಂತೆ, ರಸ್ತೆಯಲ್ಲಿ ಜೀವ ಇರುದು ಅದ್ರಲ್ಲಿ. ಬ್ರೇಕಿನ ಹೋಸು ಕೂಡ ಚಕ್ರ ಪೂರ್ತಿ ನೇತಾಡುವಾಗ ಬಿಗಿತಿತ್ತು, ಉದ್ದದ್ದು ಹಾಕ್ಸಿದೆ. ಚಾಸಿ ಜಾಕಿಯಲ್ಲಿ ಎತ್ತಿ ಚಕ್ರ ನೇತಾಡಿಸಿ ಹೋಸನ್ನೂ, ಶಾಫ್ಟಿನ ಯೋಕು (ಕ್ರಾಸನ್ನು ಹಿಡಿಯುವ ಕವಲು) ಒಂದಕ್ಕೊಂದು ತಾಗ್ತದಾ ಅಂತಲೂ ನೋಡದೆ ಅಂಗಡಿಯಿಂದ ಗಾಡಿ ಹೊರಗೆ ತರ್ಬೇಡಿ.

ಕಾನೂನಿನದ್ದೂ ಹೇಳ್ಬೇಕು. ಗಾಡಿಯಲ್ಲಿ ಬದಲಾವಣೆ ಮಾಡುವ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52, ಅದರ ಮೇಲೆ 2019ರ ಸುಪ್ರೀಂ ಕೋರ್ಟ್ ತೀರ್ಪು, ಎರಡನ್ನೂ ಓದಿ ಆರ್‌ಟಿಓ ಆಫೀಸಲ್ಲಿ ಕೇಳಿಯೇ ಮುಂದುವರೀರಿ, ಕೇರಳದಲ್ಲಿ ತಪಾಸಣೆ ಬಿಗಿ ಉಂಟು. ನಾನು ಕೇಳದೆ ಹಾಕ್ಸಿದ್ದು ತಪ್ಪು.

ಇನ್ನು ಕಿಟ್ಟಿಗೆ ಮಾರ್ಕು. ಪ್ಲೇಟು 4 ವರ್ಷಕ್ಕೆ ಅರ್ಧ ಇಂಚು ಕೂತಿದೆ, ನಮ್ಮ ಲೋಡಿಗೆ ಅದು ಮಾಮೂಲು. ಶಾಕ್ ಮೂರು ಒಳ್ಳೆದುಂಟು, ಹಿಂದಿನ ಎಡದ್ದು ಮೂರನೇ ವರ್ಷ ಎಣ್ಣೆ ಬಿಟ್ಟಿತು. ಪ್ಲೇಟಿಗೂ ಶಾಕಿಗೂ 5ರಲ್ಲಿ 4 ಕೊಡ್ತೇನೆ, ಫಿಟ್ಟಿಂಗಿಗೆ 1. ಕಿಟ್ ಮಾರುವವರು ಬೆಣೆಯ ಬದಲು ಕೇಸ್ ಇಳಿಸುವ ತುಂಡು, ಸ್ಪೇಸರು ಒಟ್ಟಿಗೆ ಕೊಟ್ಟು, ಫಿಟ್ ಮಾಡಿದ ಮೇಲೆ ಮೂರು ಕಡೆ ಡಿಗ್ರಿ ಬರೆದು ಬಿಲ್ಲಿನಲ್ಲಿ ಹಾಕ್ಬೇಕು, ಹತ್ತು ನಿಮಿಷದ ಕೆಲಸ ಅದು.

ಪುತ್ತೂರಿನಲ್ಲಿ ಹಾಕಿದ ಕ್ರಾಸು ಈಗಲೂ ಗಾಡಿಯಲ್ಲೇ ಉಂಟು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಗೆಯಲ್ಲಿ ಎರಡು ತಿಂಗಳಿಗೊಮ್ಮೆ ಗ್ರೀಸ್ ಗನ್ ಹಿಡಿದು ಅಡಿಗೆ ಹೋಗ್ತೇನೆ, ಹಳೆ ಗ್ರೀಸ್ ನಾಲ್ಕೂ ಕಪ್ಪಿಂದ ಹೊರಗೆ ಬರುವಷ್ಟು ಹೊಡೀತೇನೆ, ಸ್ಪ್ಲೈನಿನ ನಿಪ್ಪಲ್ಲಿಗೂ. ಹಿಂದಿನ ಬಲದ ಶ್ಯಾಕಲ್ ಬುಶ್ಶು ಸವೆದಿದೆ, ಜೋಡಿ ತರಿಸಿಟ್ಟಿದ್ದೇನೆ, ಅದನ್ನು ಹಾಕ್ಸುವ ದಿನ ಓರೆ ಇನ್ನೊಮ್ಮೆ ಅಳೆದು ಇಲ್ಲೇ ಬರೀತೇನೆ.