ಕ್ರಾಲ್ ಸ್ಪೇಸ್ ಸೀಲ್ ಮಾಡಿಸಿದ್ದಕ್ಕೆ ನಿಜವಾಗಿ ಎಷ್ಟಾಯಿತು

ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ನಮ್ಮ ಮನೆ. ತೊಂಬತ್ತರ ದಶಕದಲ್ಲಿ ಕಟ್ಟಿದ್ದು. ಕೆಳಗೆ ಸುಮಾರು 1,500 ಚದರ ಅಡಿ ಕ್ರಾಲ್ ಸ್ಪೇಸ್ ಇದೆ. ಮನೆಯ ಮರದ ನೆಲಕ್ಕೂ ಮಣ್ಣಿಗೂ ಮಧ್ಯೆ ತೆವಳಿಕೊಂಡು ಹೋಗುವಷ್ಟೇ ಎತ್ತರದ ಜಾಗ ಅದು. 2021ರಲ್ಲಿ ಅದನ್ನು ಪೂರ್ತಿ ಸೀಲ್ ಮಾಡಿಸಿದೆವು, ಅಂದರೆ ಗೋಡೆಯ ಕಿಂಡಿ ಮುಚ್ಚಿ ನೆಲ, ಗೋಡೆಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಕಿಸಿದೆವು. ಈ ಕಡೆ ಮನೆ ತಗೊಳ್ಳುವ ನಮ್ಮವರು ಸಿಕ್ಕಾಗಲೆಲ್ಲ "ಎಷ್ಟಾಯ್ತು, ಅಷ್ಟು ಬೇಕಿತ್ತಾ?" ಅಂತ ಕೇಳುತ್ತಾರೆ. ಬೇಕಿತ್ತು. ಆದರೆ ಕೊಟೇಶನ್‌ನಲ್ಲಿ ಕಾಣುವ ಮೊತ್ತದಲ್ಲೇ ಲೆಕ್ಕ ಮುಗಿಯುವುದಿಲ್ಲ.

ಮಾಡಿಸುವ ಮೊದಲು ಹೇಗಿತ್ತು ಅಂದರೆ, ಜುಲೈ ಬಂತೆಂದರೆ ಕೆಳಗಿನ ಮಹಡಿಯ ಕಪಾಟಿನಲ್ಲಿ ಮುಗ್ಗಲು ವಾಸನೆ. ಅಡುಗೆಮನೆಯಲ್ಲಿ ಹಪ್ಪಳ ಮೆತ್ತಗಾಗುತ್ತಿತ್ತು. ಓಕ್ ಮರದ ನೆಲದ ಹಲಗೆಗಳ ಅಂಚು ಎದ್ದು, ಬರಿಗಾಲಿಗೆ ತಾಗುತ್ತಿತ್ತು. ಕೆಳಗೆ ಇಳಿದು ನೋಡಿದಾಗ ಕಾರಣ ಗೊತ್ತಾಯಿತು. ಫೈಬರ್‌ಗ್ಲಾಸ್ ಇನ್ಸುಲೇಶನ್ ಒದ್ದೆ ಗೋಣಿಚೀಲದ ಹಾಗೆ ಜೋತು ಬಿದ್ದಿತ್ತು. ಎಸಿಯ ತಣ್ಣನೆ ಗಾಳಿ ಸಾಗುವ ಕೊಳವೆಯ (ಡಕ್ಟ್) ಹೊರಮೈ ಮೇಲೆ ನೀರು ಹನಿಕಟ್ಟಿ ತೊಟ್ಟಿಕ್ಕುತ್ತಿತ್ತು. ತೊಲೆಗಳ ಬದಿಯಲ್ಲಿ ಬೆಳ್ಳಗೆ ಬೂಷ್ಟು. ಮೊಳೆಯಂಥ ಎರಡು ಪಿನ್ ಇರುವ ಮೀಟರ್ ಚುಚ್ಚಿ ನೋಡಿದರೆ ಮರದ ತೇವ 19 ಪರ್ಸೆಂಟ್. ಅದು ಇಪ್ಪತ್ತರ ಮೇಲೆ ಹೋಗಿ ಅಲ್ಲೇ ನಿಂತರೆ ಬೂಷ್ಟಿಗೆ ಹಬ್ಬ. ಇನ್ನೂ ಏರಿದರೆ ಮರವೇ ಕೊಳೆಯುತ್ತದೆ.

ಗಾಳಿ ಆಡಿದರೆ ಒದ್ದೆ ಒಣಗುತ್ತದೆ ಅನ್ನುವುದು ನಾವೆಲ್ಲ ಊರಿನಲ್ಲಿ ಕಲಿತದ್ದು, ಅಲ್ವಾ? ಹಳೇ ಕ್ರಾಲ್ ಸ್ಪೇಸ್‌ಗಳ ಗೋಡೆಯಲ್ಲಿ ಕಿಂಡಿ ಬಿಟ್ಟಿರುವುದೂ ಅದೇ ನಂಬಿಕೆಯಿಂದ. ಆದರೆ ಇಲ್ಲಿನ ಬೇಸಿಗೆಯಲ್ಲಿ ಆ ಕಿಂಡಿಗಳೇ ನೀರು ತರುತ್ತವೆ. ಹೊರಗೆ 32 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿ ತುಂಬ ತೇವ ಇದ್ದಾಗ, ಆ ಗಾಳಿ 22 ಡಿಗ್ರಿಗೆ ತಣಿದರೆ ಸಾಕು, ನೀರು ಬಿಡುತ್ತದೆ. ಮನೆ ಕೆಳಗಿನ ಡಕ್ಟ್ ಅದಕ್ಕಿಂತ ತಣ್ಣಗಿರುತ್ತದೆ. ಹಾಗಾಗಿ ಕಿಂಡಿ ತೆರೆದಷ್ಟೂ ಒದ್ದೆ ಜಾಸ್ತಿ. ಮೇಲಾಗಿ ಮನೆಯ ಗಾಳಿ ಮೇಲಿನಿಂದ ಹೊರಗೆ ಹೋದಾಗ ಅದರ ಜಾಗಕ್ಕೆ ಕೆಳಗಿನ ಗಾಳಿ ಏರಿ ಬರುತ್ತದೆ. ಕ್ರಾಲ್ ಸ್ಪೇಸ್‌ನ ವಾಸನೆ ಕಪಾಟಿಗೆ ಬಂದದ್ದು ಹಾಗೆ. ರಾಲಿಯ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆ ಇದೇ ರಾಜ್ಯದ ಪ್ರಿನ್ಸ್‌ವಿಲ್‌ನಲ್ಲಿ ಹನ್ನೆರಡು ಮನೆಗಳನ್ನು ಹೋಲಿಸಿ ನೋಡಿತ್ತು. ಮುಚ್ಚಿದ ಕ್ರಾಲ್ ಸ್ಪೇಸ್ ಬೇಸಿಗೆಯಲ್ಲಿ ಒಣಗಿರುತ್ತಿತ್ತು, ಕರೆಂಟೂ ಕಡಿಮೆ ಹಿಡಿಯುತ್ತಿತ್ತು. ಅದನ್ನು ಓದಿದ ಮೇಲೆ ನಮಗೆ ಧೈರ್ಯ ಬಂತು.

ಈಗ ದುಡ್ಡಿನ ಮಾತು. ಮೂರು ಕಡೆ ಕೊಟೇಶನ್ ತಗೊಂಡೆವು. ಒಬ್ಬರದು 6,500 ಡಾಲರ್: ತೆಳ್ಳನೆ 6 ಮಿಲ್ ಹಾಳೆ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಗಾಳಿಯ ತೇವ ತೆಗೆಯುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ಇಲ್ಲ. ಇನ್ನೊಬ್ಬರದು ಹತ್ತಿರ ಹತ್ತಿರ 19,000. ಒಳಗೆ ಸುತ್ತಲೂ ಚರಂಡಿ, ಸಂಪ್ ಪಂಪ್, 20 ಮಿಲ್ ಹಾಳೆ, ಎಲ್ಲ ಸೇರಿಸಿದ್ದರು. ನಾವು ಮಧ್ಯದವರಿಗೆ ಕೊಟ್ಟೆವು. ಹಳೇ ಇನ್ಸುಲೇಶನ್ ಕಿತ್ತು ಬೂಷ್ಟು ತೊಳೆದು ಔಷಧಿ ಹೊಡೆಯಲು 2,300. ನೆಲ, ಕಂಬ, ಗೋಡೆಗೆ 12 ಮಿಲ್ ಹಾಳೆ 5,200. ಕಿಂಡಿ ಮುಚ್ಚಿ ಹೊಸ ಬಾಗಿಲು 700. ಡಿಹ್ಯೂಮಿಡಿಫೈಯರ್, ಅದರ ನೀರು ಹೊರಗೆ ತಳ್ಳುವ ಪುಟ್ಟ ಪಂಪ್, ಕರೆಂಟ್ ಪಾಯಿಂಟ್ ಸೇರಿ 2,400. ಒಟ್ಟು 10,600.

ಅದಕ್ಕೂ ಮೊದಲು ಬೇರೆಯವರಿಂದ ಹೊರಗಿನ ಕೆಲಸ ಮಾಡಿಸಿದ್ದಕ್ಕೆ 1,400 ಆಗಿತ್ತು. ನನ್ನ ಪ್ರಕಾರ ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಬೆಲೆ ಬಾಳಿದ್ದು ಇದೇ. ಇಲ್ಲಿನ ಕೆಂಪು ಜೇಡಿಮಣ್ಣು ನೀರು ಬೇಗ ಇಂಗಿಸಿಕೊಳ್ಳುವುದಿಲ್ಲ. ಸೂರಿನ ನೀರು ನೇರ ಗೋಡೆ ಬುಡಕ್ಕೆ ಬೀಳುತ್ತಿತ್ತು. ಪೈಪ್ ಹಾಕಿಸಿ ದೂರ ಬಿಟ್ಟೆವು. ಗೋಡೆಯಿಂದ ಹತ್ತು ಅಡಿಗೆ ಆರು ಇಂಚು ಇಳಿಜಾರು ಬರುವ ಹಾಗೆ ಮಣ್ಣು ಹಾಕಿಸಿದೆವು. ಆಮೇಲೆ ಜೋರು ಮಳೆಯಲ್ಲೂ ಒಳಗೆ ನೀರು ನಿಲ್ಲಲಿಲ್ಲ. ಕ್ರಾಲ್ ಸ್ಪೇಸ್ ಒಳಗೆ ಸುತ್ತಲೂ ಚರಂಡಿ ಮಾಡಿಸುವ ಖರ್ಚು ಪೂರ್ತಿ ಉಳಿಯಿತು. ನೀರು ಬರುವುದನ್ನು ನಿಲ್ಲಿಸದೆ ಮೇಲೆ ಹಾಳೆ ಹಾಸಿದರೆ ಅದರ ಕೆಳಗೆ ಕೊಳ ಆಗುತ್ತದೆ ಅಷ್ಟೇ.

ಹಾಳೆಯ ದಪ್ಪದ ಬಗ್ಗೆ ಸೇಲ್ಸ್‌ನವರು ಬಹಳ ಮಾತಾಡುತ್ತಾರೆ. ಪದೇಪದೇ ಒಳಗೆ ಓಡಾಡುವವರಿಗೆ, ಸಾಮಾನು ಇಡುವವರಿಗೆ 20 ಮಿಲ್ ಸರಿ. ನಮಗೆ 12 ಸಾಕಾಯಿತು, ಇವತ್ತಿಗೂ ಎಲ್ಲೂ ಹರಿದಿಲ್ಲ. ನೋಡಬೇಕಾದ್ದು ಜೋಡಣೆ. ಒಂದು ಹಾಳೆ ಇನ್ನೊಂದರ ಮೇಲೆ ಕನಿಷ್ಠ ಆರು ಇಂಚು ಬರಬೇಕು, ಉದ್ದಕ್ಕೂ ಟೇಪ್ ಇರಬೇಕು. ಕಂಬದ ಸುತ್ತ ಅಂಟಿಸಿದ್ದನ್ನು ಬೆರಳಿಂದ ಎಳೆದು ನೋಡಿ, ಬಿಟ್ಟುಕೊಳ್ಳಬಾರದು. ಗೋಡೆಯ ಮೇಲ್ತುದಿಯಲ್ಲಿ, ಹಾಳೆ ಮುಗಿದ ಮೇಲೆ, ಮೂರು ಇಂಚು ಬರಿ ಇಟ್ಟಿಗೆ ಕಾಣಬೇಕು. ಗೆದ್ದಲು ಮಣ್ಣಿನ ದಾರಿ ಮಾಡಿಕೊಂಡು ಏರಿದರೆ ಕಣ್ಣಿಗೆ ಬೀಳುವುದು ಆ ಪಟ್ಟಿಯಲ್ಲೇ. ಕೆಳಗೆ ಗ್ಯಾಸ್ ಹೀಟರ್ ಇರುವವರು ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ ಅಂತ ಕೇಳದೆ ಕಿಂಡಿ ಮುಚ್ಚಿಸಲೇಬಾರದು. ಅದು ಜೀವದ ಪ್ರಶ್ನೆ.

ಇನ್ನು ಕೊಟೇಶನ್‌ನಲ್ಲಿ ಇಲ್ಲದ ಖರ್ಚು. ನಮ್ಮ ಡಿಹ್ಯೂಮಿಡಿಫೈಯರ್ ಸುಮಾರು 550 ವ್ಯಾಟ್. ಬೇಸಿಗೆಯಲ್ಲಿ ಅರ್ಧ ದಿನ ಓಡಿದರೆ ತಿಂಗಳಿಗೆ 25 ಡಾಲರ್ ಆಸುಪಾಸು. ಚಳಿಗಾಲದಲ್ಲಿ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ. ವರ್ಷದ ಸರ್ವಿಸ್ ಕಾಂಟ್ರಾಕ್ಟ್‌ಗೆ 250. ನನಗೆ ಬೇಸರ ತಂದದ್ದು ಇಲ್ಲೇ. ಮಾರುವಾಗ "ಲೈಫ್‌ಟೈಮ್ ವಾರಂಟಿ" ಅಂದರು. ಕಾಗದದಲ್ಲಿ ನೋಡಿದರೆ ಅದು ಹಾಳೆಗೆ ಮಾತ್ರ, ಅದೂ ಪ್ರತಿ ವರ್ಷ ಅವರಿಂದಲೇ ಸರ್ವಿಸ್ ಮಾಡಿಸಿದರೆ. ಒಂದು ಆಗಸ್ಟ್‌ನಲ್ಲಿ ಪಂಪ್‌ನ ಫ್ಲೋಟ್ (ನೀರು ಏರಿದಾಗ ಪಂಪ್ ಆನ್ ಮಾಡುವ ತೇಲುವ ಭಾಗ) ಸಿಕ್ಕಿಹಾಕಿಕೊಂಡು ನೀರು ಹಾಳೆ ಮೇಲೆ ಹರಿಯಿತು. ಫೋನ್ ಮಾಡಿದರೆ ಎರಡು ವಾರದ ನಂತರದ ದಿನ ಕೊಟ್ಟರು. ಸರ್ವಿಸ್‌ಗೆ ದುಡ್ಡು ಕಟ್ಟಿದವರಿಗೆ ಇದು ಅನ್ಯಾಯ. ಕಾಂಟ್ರಾಕ್ಟ್ ಬಿಟ್ಟೆ. ಈಗ ಫಿಲ್ಟರ್ ನಾನೇ ಬದಲಾಯಿಸುತ್ತೇನೆ, ಪಂಪ್‌ನ ಲೋಳೆ ನಾನೇ ತೊಳೆಯುತ್ತೇನೆ. ಕೆಳಗೊಂದು ಗಾಳಿಯ ತೇವ ಅಳೆಯುವ ಅಗ್ಗದ ಸೆನ್ಸರ್ ಇಟ್ಟಿದ್ದೇನೆ. 60 ಪರ್ಸೆಂಟ್ ದಾಟಿದರೆ ಫೋನಿಗೆ ಅಲರ್ಟ್ ಬರುತ್ತದೆ. ಈಗ ಯಾರಿಗೂ ಕಾಯಬೇಕಾಗಿಲ್ಲ.

ಫಲ? ಜುಲೈಯಲ್ಲಿ 80 ಪರ್ಸೆಂಟ್ ಮೇಲಿರುತ್ತಿದ್ದ ಕೆಳಗಿನ ಗಾಳಿಯ ತೇವಾಂಶ ಈಗ 50ರಿಂದ 55. ತೊಲೆಗೆ ಮೀಟರ್ ಚುಚ್ಚಿದರೆ ಮರದ ತೇವ 12. ವಾಸನೆ ಮೊದಲ ತಿಂಗಳಲ್ಲೇ ಹೋಯಿತು. ನೆಲದ ಹಲಗೆ ಕೂರಲು ಒಂದು ಚಳಿಗಾಲ ಹಿಡಿಯಿತು. ಹಾಲ್‌ನಲ್ಲಿ ಪೂರ್ತಿ ಸರಿಹೋಯಿತು, ಅಡುಗೆಮನೆ ಬಾಗಿಲ ಹತ್ತಿರ ಸ್ವಲ್ಪ ಉಬ್ಬು ಹಾಗೇ ಇದೆ. ಚಳಿಗಾಲದಲ್ಲಿ ನೆಲ ಮೊದಲಿನಷ್ಟು ಕೊರೆಯುವುದಿಲ್ಲ. ಕರೆಂಟ್ ಬಿಲ್ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಎಸಿಯಲ್ಲಿ ಉಳಿದದ್ದನ್ನು ಡಿಹ್ಯೂಮಿಡಿಫೈಯರ್ ತಿನ್ನುತ್ತದೆ. ಬಿಲ್‌ನಲ್ಲೇ ಅಸಲು ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೊಲೆ, ನೆಲ, ಉಸಿರಾಡುವ ಗಾಳಿ ಇಷ್ಟಕ್ಕಾಗಿ ಮಾಡಿಸಿ.

ಕೊಟೇಶನ್ ಕೇಳುವಾಗ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಬೆಲೆ ಬರೆಸಿಕೊಳ್ಳಿ. "ಪ್ಯಾಕೇಜ್" ಅಂದರೆ ಒಪ್ಪಬೇಡಿ. ವಾರಂಟಿ ಕಾಗದ ಸಹಿಗೆ ಮೊದಲೇ ಕೈಗೆ ಬರಲಿ. ಡಿಹ್ಯೂಮಿಡಿಫೈಯರ್ ಹಾಳೆಯಷ್ಟು ಕಾಲ ಬಾಳುವುದಿಲ್ಲ. ಎಂಟು ಹತ್ತು ವರ್ಷಕ್ಕೆ ಹೊಸದು ಬೇಕಾಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ನಾವು ಅದಕ್ಕೆ ವರ್ಷಕ್ಕೆ 200 ಡಾಲರ್ ಎತ್ತಿಡುತ್ತಿದ್ದೇವೆ.