ರಜೆಗೆ ಊರಿಗೆ ಹೊರಟವರೇ, ಬೆಕ್ಕಿನ ಮರಿ ಬಿಡುವ ಮುಂಚೆ ಆ ಮನೆಯ ಒಳಗೆ ಹೋಗಿ ನೋಡಿ

ಹಾಸನದಲ್ಲಿ ಮರಿ ಬೆಕ್ಕು ಸಾಕಿಕೊಂಡು, ಹಬ್ಬಕ್ಕೆ ಊರಿಗೆ ಹೋಗುವಾಗ ಅದನ್ನು ಎಲ್ಲಿ ಬಿಡೋದು ಅಂತ ಹುಡುಕುತ್ತಿರುವವರಿಗೆ ಇದು. ಲಸಿಕೆ ಕಾರ್ಡು ಕೇಳದೆ ನಿಮ್ಮ ಮರಿಯನ್ನು ಒಳಗೆ ಬಿಟ್ಟುಕೊಳ್ಳುವ ಜಾಗಕ್ಕೆ, ದುಡ್ಡು ಎಷ್ಟೇ ಕಡಿಮೆ ಇರಲಿ, ಫೋಟೋ ಎಷ್ಟೇ ಚೆಂದ ಇರಲಿ, ಮರಿ ಬಿಡಬೇಡಿ. ನಿಮ್ಮ ಮರಿಯ ಕಾರ್ಡು ಕೇಳದವರು ಪಕ್ಕದ ಮರಿಯದ್ದೂ ಕೇಳಿರುವುದಿಲ್ಲ.

ಕಳೆದ ದೀಪಾವಳಿ. ಹಾಸನಾಂಬೆ ಗುಡಿ ಬಾಗಿಲು ತೆಗೆದಿದ್ದ ದಿನಗಳು. ವರ್ಷಕ್ಕೊಮ್ಮೆ ಆ ಬಾಗಿಲು ತೆಗೆದರೆ ಊರಿನ ಪ್ರತಿ ಮನೆಯಲ್ಲೂ ನೆಂಟರು, ಗೊತ್ತಲ್ವಾ. ಯಾವಾಗಲೂ ಬಂದು ಮರಿ ನೋಡಿಕೊಳ್ಳುತ್ತಿದ್ದ ಪಕ್ಕದ ಮನೆ ಆಂಟಿ ಈ ಸಲ ಆಗಲ್ಲ ಕಣಮ್ಮ ಅಂದರು, ಅವರ ಮನೆಯಲ್ಲಿ ಹಾಸಿಗೆ ಹಾಸೋಕೇ ಜಾಗ ಇರಲಿಲ್ಲ. ನಾವು ಶಿವಮೊಗ್ಗಕ್ಕೆ ಹೋಗಲೇಬೇಕಿತ್ತು. ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಸಿಕ್ಕರು. ಊರ ಹೊರಗಿನ ಒಂದು ಬಡಾವಣೆಯಲ್ಲಿ ಮನೆ, ‘ಮನೆಯಂಥದ್ದೇ ವಾತಾವರಣ’, ದಿನಕ್ಕೆ ಒಂದು ಮರಿಗೆ 400 ರೂಪಾಯಿ.

ನಮ್ಮದು ಎರಡು ಮರಿ, ಗುಂಡ ಮತ್ತು ಚಿಂಟಿ. ಇನ್ನೇನು ಮೂರು ತಿಂಗಳು ತುಂಬುವುದರಲ್ಲಿತ್ತು. ಮೊದಲ ಲಸಿಕೆ ಆಗಿತ್ತು, ಎರಡನೆಯದು ಹಬ್ಬ ಕಳೆದ ಮೇಲೆ ಇತ್ತು. ಇದನ್ನು ಫೋನಲ್ಲೇ ಹೇಳಿದ್ದೆ. ‘ಒಂದು ಆಗಿದ್ಯಲ್ಲ ಮೇಡಂ, ಸಾಕು ಬಿಡಿ, ನಮ್ಮಲ್ಲಿರೋ ಬೆಕ್ಕೆಲ್ಲಾ ಆರೋಗ್ಯವಾಗೇ ಇವೆ’ ಅಂದರು.

ಸಾಕಾಗುವುದಿಲ್ಲ. ತಾಯಿ ಹಾಲಿನಿಂದ ಬಂದ ರೋಗ ತಡೆಯುವ ಶಕ್ತಿ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆ ಶಕ್ತಿ ಒಂದೊಂದು ಮರಿಗೆ ಒಂದೊಂದು ಸಮಯಕ್ಕೆ ಇಳಿಯುತ್ತದೆ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 3–4 ವಾರಕ್ಕೊಮ್ಮೆ, 16 ವಾರ ಆಗುವವರೆಗೂ ಕೊಡುತ್ತಾರೆ. ನಡುವಿನ ಆ ದಿನಗಳಲ್ಲಿ ತಾಯಿಯದ್ದೂ ಇಲ್ಲ, ಲಸಿಕೆಯದ್ದೂ ಪೂರ್ತಿ ಇಲ್ಲ. ದುಡ್ಡು ತೆಗೆದುಕೊಂಡು ಬೆಕ್ಕು ನೋಡಿಕೊಳ್ಳುವವರಿಗೆ ಇಷ್ಟು ಗೊತ್ತಿರಬೇಕು.

ಊಟದ ವಿಷಯವನ್ನು ಹಾಳೆಯಲ್ಲಿ ಬರೆದು ಡಬ್ಬಿಗೇ ಅಂಟಿಸಿ ಕೊಟ್ಟಿದ್ದೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ, ನಮ್ಮದೇ ಮರಿಗಳ ಫುಡ್. ಹಸುವಿನ ಹಾಲು ಬೇಡ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಯಾವುದೂ ಬೇಡ.

ದಿನಾ ಫೋಟೋ ಬರುತ್ತಿತ್ತು. ಎರಡೂ ಒಂದು ನೀಲಿ ದಿಂಬಿನ ಮೇಲೆ ಮಲಗಿದ ಫೋಟೋ. ಒಂದೊಂದು ಸಲ ಹತ್ತಿರದಿಂದ, ಒಂದೊಂದು ಸಲ ದೂರದಿಂದ. ಆಮೇಲೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗುಂಡನ ಬಾಲ ಎಲ್ಲದರಲ್ಲೂ ದಿಂಬಿನ ಅದೇ ಹೂವಿನ ಮೇಲೇ ಇದೆ. ಒಂದೇ ಫೋಟೋನ ಕತ್ತರಿಸಿ ಕತ್ತರಿಸಿ ಕಳಿಸಿದ್ದಾರೆ!

ಕರೆದುಕೊಂಡು ಬರಲು ಹೋದಾಗ ಮರಿಗಳನ್ನು ಗೇಟಿನ ಹತ್ತಿರವೇ ತಂದುಕೊಡುತ್ತೇನೆ ಅಂದರು. ನನ್ನ ಯಜಮಾನರು ಬ್ಯಾಗ್ ತಗೋಬೇಕು ಅಂತ ನೆಪ ಹೇಳಿ ಒಳಗೆ ಹೋದರು, ಹಿಂದೆಯೇ ನಾನೂ ಹೋದೆ. ಒಂದೇ ರೂಮು. ಸಣ್ಣದು, ದೊಡ್ಡದು ಎಲ್ಲಾ ಬೆಕ್ಕೂ ಅಲ್ಲೇ, ಎಲ್ಲಕ್ಕೂ ಸೇರಿ ಒಂದೇ ಮರಳಿನ ಟ್ರೇ. ಕಣ್ಣು ಉರಿಯುವಷ್ಟು ಫಿನಾಯಿಲ್ ವಾಸನೆ. ಫಿನಾಯಿಲ್ ಬೆಕ್ಕಿಗೆ ವಿಷ, ಒದ್ದೆ ನೆಲದಲ್ಲಿ ನಡೆದು ಕಾಲು ನೆಕ್ಕಿದರೂ ಹೊಟ್ಟೆಗೆ ಹೋಗುತ್ತದೆ. ಮೂಲೆಯಲ್ಲಿ ಸ್ಟೀಲ್ ತಟ್ಟೆಯಲ್ಲಿ ಹಾಲನ್ನ ಒಣಗಿ ಅಂಚಿಗೆ ಹಪ್ಪಳದ ಥರ ಅಂಟಿಕೊಂಡಿತ್ತು. ನಮ್ಮ ಫುಡ್ ಡಬ್ಬಿ ಕಿಟಕಿಯ ಮೇಲಿತ್ತು. ನಾನು ಮೂರು ಸುತ್ತು ಹಾಕಿ ಬಿಗಿದಿದ್ದ ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಬಿಚ್ಚೇ ಇಲ್ಲ! ಕೇಳಿದ್ದಕ್ಕೆ, ‘ಅದು ಮುಟ್ಟಲೇ ಇಲ್ಲ ಮೇಡಂ, ಹಾಲನ್ನ ಅಂದ್ರೆ ಇಷ್ಟ ಅವಕ್ಕೆ.’

ಎರಡಕ್ಕೂ ಭೇದಿ ಇತ್ತು. ಹಾಲಿಗೆ ಆಗಿದೆ ಅಂದುಕೊಂಡೆವು, ಯಾಕೆಂದರೆ ತಾಯಿ ಬಿಟ್ಟ ಮರಿಗೆ ಹಸುವಿನ ಹಾಲು ಜೀರ್ಣ ಆಗದೆ ಭೇದಿ ಆಗುವುದು ಮಾಮೂಲಿ. ಆದರೆ ಸ್ವಲ್ಪ ದಿನಕ್ಕೆ ಗುಂಡ ನೀರಿನ ಬಟ್ಟಲ ಮುಂದೆ ಹೋಗಿ ಕೂರೋಕೆ ಶುರು ಮಾಡಿದ. ತಲೆ ಬಟ್ಟಲ ಮೇಲೆ ಬಾಗಿಸಿಕೊಂಡು ಸುಮ್ನೆ ಕೂರುತ್ತಾನೆ, ಕುಡಿಯಲ್ಲ. ಆಮೇಲೆ ಹಳದಿ ವಾಂತಿ. ಡಾಕ್ಟರು ಈ ನೀರಿನ ವಿಷಯ ಕೇಳಿದ ತಕ್ಷಣ, ನಾಯಿಗಳಿಗೆ ಬರುವ ಪಾರ್ವೋ ಅನ್ನುವ ವೈರಸ್ ಕಾಯಿಲೆಗೆ ಬಳಸುವ ಕಿಟ್‌ನಲ್ಲೇ ಮಲ ಪರೀಕ್ಷೆ ಮಾಡಿದರು. ಎರಡು ಗೆರೆ, ಅಂದರೆ ಸೋಂಕು ಇದೆ. ಪ್ಯಾನ್‌ಲ್ಯೂಕೋಪೀನಿಯಾ, ಅಂದರೆ ಬೆಕ್ಕುಗಳ ಪಾರ್ವೋ. ರಕ್ತದ ಬಿಳಿ ಕಣಗಳನ್ನೇ ಇಳಿಸಿಬಿಡುತ್ತದೆ. ಇದಕ್ಕೆ ಅಂತಲೇ ಔಷಧಿ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ಆಂಟಿಬಯೋಟಿಕ್ ಕೊಟ್ಟು, ಮರಿಯ ಮೈ ತಾನೇ ಗೆಲ್ಲುವ ತನಕ ಹಿಡಿದು ನಿಲ್ಲಿಸಬೇಕು.

ಚಿಂಟಿ ಉಳಿದಳು. ಗುಂಡ ಉಳಿಯಲಿಲ್ಲ. ಅದರ ಬಗ್ಗೆ ಜಾಸ್ತಿ ಬರೆಯಲ್ಲ.

ಬೋರ್ಡಿಂಗ್‌ನವರಿಗೆ, ಅಂದರೆ ಮರಿ ಬಿಟ್ಟಿದ್ದ ಆ ಮನೆಯವರಿಗೆ, ಫೋನ್ ಮಾಡಿದರೆ, ‘ನಿಮ್ಮನೆಗೆ ಹೋದ್ಮೇಲೆ ಬಂದಿರೋದು, ನಮಗೇನು ಸಂಬಂಧ?’ ಈ ಕಾಯಿಲೆ ತಗುಲಿದ ಮೇಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 10 ದಿನ ಬೇಕು. ಲೆಕ್ಕ ಹಾಕಿದರೆ ತಗುಲಿದಾಗ ಮರಿ ಅವರ ಮನೆಯಲ್ಲೇ ಇತ್ತು. ಕೊನೆಗೆ ಅದೇ ಹಬ್ಬಕ್ಕೆ ಅಲ್ಲಿ ಮರಿ ಬಿಟ್ಟಿದ್ದ ಇನ್ನೊಬ್ಬರು ಕ್ಲಿನಿಕ್ಕಿನಲ್ಲೇ ಸಿಕ್ಕರು. ನಾವು ಬಿಡುವ ಮುಂಚಿನ ವಾರವೇ ಆ ರೂಮಿನಲ್ಲಿ ಒಂದು ಮರಿ ವಾಂತಿ ಮಾಡಿಕೊಂಡು ಸತ್ತಿತ್ತಂತೆ. ಅವರಿಗೆ ‘ಏನೋ ತಿಂದಿತ್ತು’ ಅಂತ ಹೇಳಿದ್ದರಂತೆ, ನಮಗೆ ಅದೂ ಹೇಳಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ. ರೂಮು ಕೊಳಕಾಗಿದ್ದರೆ ತೊಳೆಯಬಹುದು, ಸತ್ತ ಮರಿಯ ವಿಷಯ ಮುಚ್ಚಿಟ್ಟು ಮುಂದಿನ ಬುಕಿಂಗ್ ತಗೊಳ್ಳೋದು ಬೇರೆಯೇ ಜಾತಿಯ ಕೆಲಸ. ದುಡ್ಡು ವಾಪಸ್ ಬರಲಿಲ್ಲ, ನಂಬರ್ ಬ್ಲಾಕ್ ಆಯಿತು.

ಈಗ ನಾವು ಮಾಡುವುದು ಇಷ್ಟೇ. ಮರಿ ಮನೆಯಲ್ಲೇ ಇರುತ್ತದೆ, ಜನ ಮನೆಗೆ ಬರುತ್ತಾರೆ. ನಮ್ಮ ಬೀದಿಯಲ್ಲಿ ಪಿಜಿಯಲ್ಲಿರುವ ಇಂಜಿನಿಯರಿಂಗ್ ಹುಡುಗಿ ಒಬ್ಬಳು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬಂದು ಹೋಗುತ್ತಾಳೆ, ಬೋರ್ಡಿಂಗ್‌ಗೆ ಕೊಡುತ್ತಿದ್ದ ದುಡ್ಡನ್ನು ಅವಳಿಗೇ ಕೊಡುತ್ತೇವೆ. ಬಟ್ಟಲು ತುಂಬಾ ಡ್ರೈ ಫುಡ್ ಸುರಿದು ಎರಡು ದಿನ ಬೀಗ ಹಾಕಿಕೊಂಡು ಹೋಗುವ ಉಪಾಯ ಕೆಲವರು ಹೇಳುತ್ತಾರೆ. ಸಣ್ಣ ಮರಿಗೆ ಅದು ಆಗದ ಮಾತು. ಎರಡು ಮೂರು ತಿಂಗಳ ಮರಿ ಒಂದು ದಿನ ಹೊಟ್ಟೆಗಿಲ್ಲದೆ ಇದ್ದರೆ ಸಕ್ಕರೆ ಅಂಶ ಇಳಿದು ಕುಸಿದು ಬೀಳಬಹುದು, ನೋಡೋಕೆ ಯಾರೂ ಇರಲ್ಲ. ಬರುವವರಿಗೆ ಡಾಕ್ಟರ ನಂಬರ್ ಕೊಡಿ, ನೀವು ಹೊರಡುವ ಮುಂಚೆ ಅವರ ಕೈಯಲ್ಲೇ ಒಂದೆರಡು ಸಲ ಊಟ ಹಾಕಿಸಿ. ಮೈ ಬಿಸಿ ಇದೆ ಅಂತ ಡೋಲೋ, ಕ್ರೋಸಿನ್ ಚೂರು ಕೊಡುವವರೂ ಇದ್ದಾರೆ, ಬೇಡವೇ ಬೇಡ ಅಂತ ಬಾಯಿಬಿಟ್ಟು ಹೇಳಿ. ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ದೀಪಾವಳಿಯಾದರೆ ಪಟಾಕಿಗೆ ಹೆದರಿ ಬೀರು ಹಿಂದೆ ಸೇರಿಕೊಳ್ಳುತ್ತವೆ, ಎಳೆಯೋಕೆ ಹೋಗಬಾರದು, ಕಿಟಕಿ ಮಾತ್ರ ಹಾಕಿರಬೇಕು.

ಬೋರ್ಡಿಂಗ್ ಬಿಟ್ಟು ಬೇರೆ ದಾರಿಯೇ ಇಲ್ಲದವರು ಮೊದಲೇ ಹೇಳದೆ ಒಂದು ಸಲ ಹೋಗಿ ರೂಮು ನೋಡಿ ಬನ್ನಿ. ಒಳಗೆ ಬಿಡದಿದ್ದರೆ ಅಲ್ಲಿಂದಲೇ ವಾಪಸ್. ದಿನಾ ಫೋಟೋ ಬೇಡ ಅನ್ನಿ, ವಿಡಿಯೋ ಕಾಲ್ ಕೇಳಿ.

ನಿಮ್ಮ ಮರಿ ಇಂಥ ಒಂದು ರೂಮಿನಲ್ಲಿ ಇದ್ದು ಬಂದಿದ್ದು, ಈಗ ಊಟ ಬಿಟ್ಟಿದ್ದರೆ ನಾಳೆ ನೋಡೋಣ ಅನ್ನಬೇಡಿ, ಇವತ್ತೇ ತೋರಿಸಿ. ಇನ್ನೊಂದು ಬೆಕ್ಕಿದ್ದರೆ ಬೇರೆ ಕೋಣೆಗೆ ಹಾಕಿ. ಈ ವೈರಸ್ ಮನೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು, ಫಿನಾಯಿಲ್‌ಗೆ ಜಗ್ಗಲ್ಲ. ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಸೇರಿಸಿ ಆ ಜಾಗಕ್ಕೆ ಹಚ್ಚಿ, ಹತ್ತು ನಿಮಿಷ ಹಾಗೇ ಬಿಟ್ಟು ಒರೆಸಬೇಕು, ಅದು ಒಣಗುವ ತನಕ ಬೆಕ್ಕು ಆ ಕಡೆ ಬರಬಾರದು. ಹಾಸಿಗೆ, ದಿಂಬು, ಮರಳಿನ ಟ್ರೇ ಎಸೆದುಬಿಡಿ. ಹೊಸ ಮರಿ ತರುವುದಾದರೆ ಅದಕ್ಕೆ ಲಸಿಕೆ ಪೂರ್ತಿ ಆದ ಮೇಲೆಯೇ ಮನೆಯೊಳಗೆ ತನ್ನಿ.